ಸಹಾಯ ಬೇಕು: ಬಿಬಿಎ ಪ್ರೆಸೆಂಟೇಶನ್ ಅಂದ್ರೆ ನಾಲಿಗೆ ಒಣಗುತ್ತೆ

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಕಡೆಯವನು. ಬೆಂಗಳೂರಿನಲ್ಲಿ ಬಿಬಿಎ ಎರಡನೇ ಸೆಮಿಸ್ಟರ್. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಅಕೌಂಟ್ಸ್ ಚೆನ್ನಾಗಿಯೇ ಬರುತ್ತದೆ, ಬ್ಯಾಲೆನ್ಸ್ ಶೀಟ್ ತಾಳೆಯಾಗದೆ ನಾನು ಏಳುವುದಿಲ್ಲ.

ಹೋದ ವಾರ ಅಮುಲ್ ಬಗ್ಗೆ ಕೇಸ್ ಸ್ಟಡಿ ಇತ್ತು. ಊರಿನ ಡೈರಿಗೆ ದಿನಾ ಹಾಲು ಹಾಕಿ, ಫ್ಯಾಟ್ ನೋಡಿ ರೇಟು ಬರೆಸಿಕೊಂಡು ಬಂದವನು ನಾನು! ಆದರೂ ಇಂಗ್ಲಿಷಲ್ಲಿ ಎರಡು ವಾಕ್ಯ ಹೇಳಿ ಸುಮ್ನೆ ನಿಂತೆ. ಸ್ಲೈಡ್ ಮಾಡಿದ್ದು ನಾನು, ಮಾರ್ಕ್ಸ್ ಮಾತಾಡಿದವರಿಗೆ. ಈಗ ಟೀಮಿಗೆ ಯಾರೂ ಕರೆಯುತ್ತಿಲ್ಲ.

ಭಾನುವಾರ ಅರ್ಧ ಗಂಟೆ ಫೋನಲ್ಲಿ ಪ್ರಾಕ್ಟೀಸ್ ಮಾಡಿಸುವ ಸೀನಿಯರ್ಸ್ ಯಾರಾದರೂ ಇದ್ದೀರಾ? ಇನ್ನೊಂದು, ಸಿಎ ಫೌಂಡೇಶನ್ (ಚಾರ್ಟರ್ಡ್ ಅಕೌಂಟೆಂಟ್ ಆಗಲು ಬರೆಯುವ ಮೊದಲ ಹಂತದ ಪರೀಕ್ಷೆ) ಕೂಡ ಬರೆಯುವ ಆಸೆ. ನಾಲ್ಕು ಪೇಪರ್, ಒಂದೊಂದರಲ್ಲೂ 40, ಒಟ್ಟಾರೆ 50 ಪರ್ಸೆಂಟ್ ಬೇಕು. ಕಾಲೇಜಿನ ಜೊತೆ ಆಗುತ್ತಾ? ಬರೆದವರು ಹೇಳಿ.