ಅಂಗವಿಕಲ ಪೆನ್ಷನ್ ಪ್ರತಿ ತಿಂಗ್ಳು ಯಾವ ತಾರೀಖಿಗೆ ಬರತ್ತೆ? ತಮ್ಮಂದು ಬರೋದು ನಿಂತೋಗಿದೆ

ಉತ್ತರಹಳ್ಳಿ_ಅಕ್ಕ:
ಎಲ್ರಿಗೂ ನಮಸ್ಕಾರ. ನನ್ನ ತಮ್ಮನಿಗೆ 27 ವರ್ಷ, ಹುಟ್ಟಿದಾಗಿಂದ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದ್ರೆಯಿಂದ ಕೈಕಾಲು ಹಿಡಿತಕ್ಕೆ ಸಿಗಲ್ಲ), ಯುಡಿಐಡಿ ಕಾರ್ಡಲ್ಲಿ (ಅಂಗವಿಕಲರ ಗುರುತಿನ ಚೀಟಿ) 80 ಪರ್ಸೆಂಟ್ ಅಂತಿದೆ. ಅವ್ನಿಗೆ ತಿಂಗ್ಳಿಗೆ 1400 ರೂಪಾಯಿ ಪೆನ್ಷನ್ ಸ್ಯಾಂಕ್ಷನ್ ಆಗಿ ತುಂಬಾ ವರ್ಷ ಆಯ್ತು. ಬರ್ತಿತ್ತು, ಇಲ್ಲ ಅನ್ನಲ್ಲ, ಆದ್ರೆ ಯಾವಾಗ ಬರತ್ತೆ ಅನ್ನೋದು ಮಾತ್ರ ದೇವ್ರಿಗೇ ಗೊತ್ತು. ಒಂದು ತಿಂಗ್ಳು ಮೊದಲ್ನೇ ವಾರ, ಇನ್ನೊಂದು ತಿಂಗ್ಳು ಕೊನೇಲಿ, ಒಂದ್ಸಲ ಎರಡು ತಿಂಗ್ಳುದು ಒಟ್ಟಿಗೆ. ಈಗ ಮಾರ್ಚ್ ಆದ್ಮೇಲೆ ಪಾಸ್‌ಬುಕ್ಕಲ್ಲಿ ಏನೂ ಎಂಟ್ರಿನೇ ಇಲ್ಲ.

ಅಮ್ಮಂಗೆ ಇದು ಸಂಬಳದ ಥರ ಒಂದನೇ ತಾರೀಖು ಬರ್ಬೇಕು ಅಂತ ತಲೇಲಿ ಕೂತ್ಬಿಟ್ಟಿದೆ, ಅವ್ನ ಡೈಪರ್ ಮತ್ತೆ ಫಿಸಿಯೋಥೆರಪಿಗೆ ಹೋಗಿ ಬರೋ ಆಟೋ ದುಡ್ಡು ಇದ್ರಲ್ಲೇ ಆಗೋದು ಅದಕ್ಕೆ ಬರ್ದೇ ಇದ್ರೆ ದಿನಾ ನನ್ನೇ ಕೇಳ್ತಾರೆ. ಪಕ್ಕದ್ಮನೆ ಅಜ್ಜಿಗೆ ಸಂಧ್ಯಾ ಸುರಕ್ಷಾ (ವಯಸ್ಸಾದೋರ ಪೆನ್ಷನ್) 1200 ಮೊನ್ನೆ ಬಂದಿದೆಯಂತೆ, ನಮ್ದು ಯಾಕಿಲ್ಲ? ಬ್ಯಾಂಕಲ್ಲಿ ಕೇಳಿದ್ರೆ ಗೌರ್ಮೆಂಟ್ ಹಾಕಿಲ್ಲಮ್ಮ ಅಂತಾರೆ, ಆಫೀಸಲ್ಲಿ ಕೇಳಿದ್ರೆ ನಾವು ಹಾಕಾಗಿದೆ ಬ್ಯಾಂಕಲ್ಲಿ ಕೇಳಿ ಅಂತಾರೆ. ಇದಕ್ಕೆ ಫಿಕ್ಸೆಡ್ ಡೇಟ್ ಅಂತ ಇದೆಯಾ? ಬರ್ದೇ ಇರೋ ತಿಂಗ್ಳುಗಳ ದುಡ್ಡು ಆಮೇಲೆ ಸಿಗತ್ತಾ ಇಲ್ಲ ಹೋದ್ರೆ ಹೋಯ್ತಾ? ಗೊತ್ತಿರೋರು ಹೇಳಿ ಪ್ಲೀಸ್.

ಹಳೇ_ಕಡತ:
ನಾನು ಕಂದಾಯ ಇಲಾಖೇಲಿ ಕೇಸ್ ವರ್ಕರ್ ಆಗಿದ್ದೆ, ಈಗ ರಿಟೈರ್ಡ್. ಫಿಕ್ಸೆಡ್ ಡೇಟ್ ಇಲ್ಲಮ್ಮ. ಮೊದ್ಲು ಅದನ್ನ ಅಮ್ಮಂಗೆ ಹೇಳ್ಬಿಡಿ, ಅರ್ಧ ತಲೆನೋವು ಕಮ್ಮಿ ಆಗತ್ತೆ.

ಹೇಗೆ ಬರತ್ತೆ ಅಂದ್ರೆ, ನಿಮ್ಮ ಅರ್ಜಿ ನಾಡಕಚೇರಿಗೆ ಹೋಗಿ, ವಿಎ (ಗ್ರಾಮ ಆಡಳಿತಾಧಿಕಾರಿ), ಆರ್‌ಐ (ಕಂದಾಯ ನಿರೀಕ್ಷಕರು) ನೋಡಿ ತಹಸೀಲ್ದಾರ್ ಆಫೀಸಿಂದ ಮಂಜೂರಾತಿ ಆದೇಶ ಆಗತ್ತಲ್ಲ, ಅಲ್ಲಿಗೆ ತಾಲ್ಲೂಕಿನ ಕೆಲ್ಸ ಹೆಚ್ಚು ಕಮ್ಮಿ ಮುಗೀತು. ಆಮೇಲೆ ಪ್ರತಿ ತಿಂಗ್ಳ ಬಿಲ್ಲು ಸಾಮಾಜಿಕ ಭದ್ರತೆ ಮತ್ತು ಪಿಂಚಣಿ ನಿರ್ದೇಶನಾಲಯದ ಲೆಕ್ಕದಲ್ಲಿ ಆಗಿ ಖಜಾನೆ-2 ಸಾಫ್ಟ್‌ವೇರ್‌ಗೆ ಹೋಗತ್ತೆ, ಅಲ್ಲಿಂದ ಆಧಾರ್ ನಂಬರ್ ಹಿಡ್ಕೊಂಡು ಬ್ಯಾಂಕಿಗೆ. ವೃದ್ಧಾಪ್ಯ, ವಿಧವಾ, ಸಂಧ್ಯಾ ಸುರಕ್ಷಾ, ಅಂಗವಿಕಲ ಒಂದೊಂದಕ್ಕೂ ಲೆಕ್ಕಶೀರ್ಷಿಕೆ (ಬಜೆಟ್ಟಲ್ಲಿ ದುಡ್ಡಿನ ಬಾಬ್ತು) ಬೇರೆ ಬೇರೆ, ಹಾಗಾಗಿ ಪಕ್ಕದ್ಮನೆ ಅಜ್ಜಿ ದುಡ್ಡು ಬಂತು ಅಂದ್ಮಾತ್ರಕ್ಕೆ ನಿಮ್ದೂ ಅವತ್ತೇ ಬರ್ಬೇಕು ಅಂತೇನಿಲ್ಲ. ಅದನ್ನ ನೋಡ್ಕೊಂಡು ಗಾಬರಿ ಆಗ್ಬೇಡಿ. ಏಪ್ರಿಲ್, ಮೇ ಅಂತೂ ಎಳೆಯೋದು ಮಾಮೂಲು, ಹೊಸ ಆರ್ಥಿಕ ವರ್ಷ, ಬಜೆಟ್ ಹಣ ಬಿಡುಗಡೆ ಆಗ್ಬೇಕು. ಆಮೇಲೆ ಎರಡು ತಿಂಗ್ಳುದು ಒಟ್ಟಿಗೆ ಬೀಳತ್ತೆ, ನಿಮಗೆ ಒಂದ್ಸಲ ಬಂದಿದ್ದು ಹಾಗೇ ಇರ್ಬೇಕು.

ಆದ್ರೆ ನೀವು ಹೇಳೋದು ನೋಡಿದ್ರೆ ಬರೀ ತಡ ಅನ್ಸಲ್ಲ, ಆಫೀಸ್ನೋರು ಹಾಕಾಗಿದೆ ಅಂತಿದಾರಲ್ಲ. ಒಂದು ಕೇಳ್ತೀನಿ, ಇತ್ತೀಚೆಗೆ ತಮ್ಮನ ಹೆಸ್ರಲ್ಲಿ ಬೇರೆ ಯಾವ್ದಾದ್ರೂ ಅಕೌಂಟ್ ಓಪನ್ ಮಾಡಿಸಿದ್ರಾ?

ಉತ್ತರಹಳ್ಳಿ_ಅಕ್ಕ:
ಸಾರ್ ನಿಮಗೆ ಹೇಗೆ ಗೊತ್ತಾಯ್ತು?? ಫೆಬ್ರವರೀಲಿ ಅವ್ನಿಗೆ ಒಂದು ಸಿಮ್ ತಗೊಂಡ್ವಿ, ಅಂಗಡಿಯವ್ನು ಫ್ರೀ ಅಕೌಂಟ್ ಆಗತ್ತೆ ಹೆಬ್ಬೆಟ್ಟು ಇಡ್ಸಿ ಅಂದ ಇಡ್ಸಿದ್ವಿ. ಅದ್ರಲ್ಲಿ ದುಡ್ಡೇ ಹಾಕಿಲ್ಲ ನಾವು. ಪೆನ್ಷನ್‌ಗೆ ಕೊಟ್ಟಿರೋದು ಹಳೇ ಬ್ಯಾಂಕ್ ಪಾಸ್‌ಬುಕ್ಕೇ ಅಲ್ವಾ, ಅದನ್ನ ನಾವು ಚೇಂಜ್ ಮಾಡಿಲ್ವಲ್ಲ?

ಹಳೇ_ಕಡತ:
ಅಲ್ಲೇ ಇರೋದು ವಿಷ್ಯ. ನೀವು ಅರ್ಜಿ ಜೊತೆ ಯಾವ ಪಾಸ್‌ಬುಕ್ ಜೆರಾಕ್ಸ್ ಕೊಟ್ರಿ ಅನ್ನೋದು ಈಗ ಲೆಕ್ಕಕ್ಕಿಲ್ಲ. ಆಧಾರ್ ಕೊನೇಲಿ ಯಾವ ಬ್ಯಾಂಕಿಗೆ ಸೀಡ್ ಆಗಿದ್ಯೋ, ಅಂದ್ರೆ ಸರ್ಕಾರಿ ದುಡ್ಡಿಗೆ ಅಂತ ಜೋಡಣೆ ಆಗಿದ್ಯೋ, ದುಡ್ಡು ಆ ಬ್ಯಾಂಕಿಗೆ ಹೋಗತ್ತೆ, ಹಸು ಹಿಂದೆ ಕರು ಹೋದಂಗೆ. ಹೊಸ ಅಕೌಂಟ್ ಫಾರ್ಮಲ್ಲಿ ಸರ್ಕಾರಿ ಸೌಲಭ್ಯ ಈ ಖಾತೆಗೆ ಬರ್ಲಿ ಅಂತ ಒಂದು ಟಿಕ್ ಇರತ್ತೆ, ಯಾರೂ ಓದಲ್ಲ, ಅಂಗಡಿಯವ್ನೇ ಹಾಕ್ಬಿಟ್ಟಿರ್ತಾನೆ. 2017ರಲ್ಲಿ ಗ್ಯಾಸ್ ಸಬ್ಸಿಡಿ ದುಡ್ಡು ಲಕ್ಷಗಟ್ಲೆ ಜನಕ್ಕೆ ಗೊತ್ತೇ ಇಲ್ದಂಗೆ ಸಿಮ್ ಜೊತೆ ಓಪನ್ ಆದ ಪೇಮೆಂಟ್ಸ್ ಬ್ಯಾಂಕ್ ಖಾತೆಗೆ ಹೋಗಿ ದೊಡ್ಡ ಗಲಾಟೆ ಆಗಿತ್ತಲ್ಲ, ಅದೇ ಕಥೆ.

ಗಾಲಿಕುರ್ಚಿ_ಗುರು:
ಅಕ್ಕ ನಾನೂ ಇದೇ ಪೆನ್ಷನ್ ಗಿರಾಕಿ, ಪೋಲಿಯೋ. ಆಫೀಸು ಬ್ಯಾಂಕು ಅಂತ ಸುತ್ತೋದು ಬಿಡಿ, ಎಷ್ಟೋ ಕಡೆ ರ‍್ಯಾಂಪೇ ಇರಲ್ಲ, ಇದ್ರೂ ಅದ್ರ ಮೇಲೆ ಬೈಕ್ ನಿಲ್ಸಿರ್ತಾರೆ. ಫೋನಲ್ಲೇ ನೋಡಿ. ಪ್ಲೇಸ್ಟೋರಲ್ಲಿ ಡಿಬಿಟಿ ಕರ್ನಾಟಕ (ಡಿಬಿಟಿ ಅಂದ್ರೆ ಸರ್ಕಾರಿ ದುಡ್ಡು ನೇರ ಖಾತೆಗೆ ಹಾಕೋದು) ಅಂತ ಸರ್ಕಾರದ್ದೇ ಆ್ಯಪ್ ಇದೆ, ತಮ್ಮನ ಆಧಾರ್ ನಂಬರ್ ಹಾಕಿದ್ರೆ ಓಟಿಪಿ ಬರತ್ತೆ, ನಾಲ್ಕಂಕಿ ಪಿನ್ ಸೆಟ್ ಮಾಡ್ಕೊಳ್ಳಿ, ಒಳಗೆ ಪಾವತಿ ಸ್ಥಿತಿ ಅಂತ ನೋಡಿದ್ರೆ ಯಾವ ಸ್ಕೀಮು, ಎಷ್ಟು ದುಡ್ಡು, ಯಾವ ಡೇಟು, ಯಾವ ಬ್ಯಾಂಕು ಎಲ್ಲಾ ಬರತ್ತೆ, ಯುಟಿಆರ್ ನಂಬರ್ (ಆ ಪಾವತಿಯ ಗುರುತು ಸಂಖ್ಯೆ) ಸಮೇತ. ಆ ನಂಬರ್ ಸ್ಕ್ರೀನ್‌ಶಾಟ್ ತಗೊಂಡು ಬ್ಯಾಂಕಿಗೆ ಹೋಗಿ, ಆಗ ಗೌರ್ಮೆಂಟ್ ಹಾಕಿಲ್ಲಮ್ಮ ಅನ್ನೋ ಡೈಲಾಗ್ ಬರಲ್ಲ. ಇನ್ನೊಂದು, ಮೈ ಆಧಾರ್ ವೆಬ್‌ಸೈಟಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತಿದೆ, ಅದ್ರಲ್ಲಿ ಈಗ ಯಾವ ಬ್ಯಾಂಕು, ಆ್ಯಕ್ಟಿವಾ ಅಲ್ವಾ ಅಂತ ತೋರ್ಸತ್ತೆ.

ತಲೆ ಕೆಡೋದು ಎಲ್ಲಿ ಅಂದ್ರೆ ಓಟಿಪಿ ಆಧಾರ್‌ಗೆ ಲಿಂಕ್ ಆಗಿರೋ ಮೊಬೈಲಿಗೇ ಬರ್ಬೇಕು. ನಮ್ಮಂಥ ಮನೆಗಳಲ್ಲಿ ಅದು ಯಾವ್ದೋ ಕಾಲದಲ್ಲಿ ಮಾಮನ ನಂಬರೋ, ಕಳ್ದೋದ ಸಿಮ್ಮೋ ಆಗಿರತ್ತೆ. ತಮ್ಮನ್ನ ಎತ್ಕೊಂಡು ಆಧಾರ್ ಸೆಂಟರ್‌ಗೆ ಹೋಗ್ಬೇಡಿ, ಮೊಬೈಲ್ ನಂಬರ್ ಅಪ್‌ಡೇಟ್ ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡ್ಕೊಡೋ ಸರ್ವೀಸ್ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿಂದ 2021ರಿಂದ ಇದೆ. ನಿಮ್ಮ ಪೋಸ್ಟ್ ಆಫೀಸಲ್ಲಿ ಕೇಳಿ.

ಅಂದಂಗೆ ಹಳೇ ಕಡತ ಸಾರ್, ಒಂದು ಹೊಟ್ಟೆಉರಿ ಹೇಳ್ಕೊಳ್ಲಾ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 24ನೇ ಸೆಕ್ಷನ್ನಲ್ಲಿ ಬೇರೆಯೋರಿಗೆ ಕೊಡೋ ಅದೇ ಥರದ ಸ್ಕೀಮಿಗಿಂತ ನಮಗೆ ಕನಿಷ್ಠ 25 ಪರ್ಸೆಂಟ್ ಜಾಸ್ತಿ ಕೊಡ್ಬೇಕು ಅಂತ ಇದೆ. ಸಂಧ್ಯಾ ಸುರಕ್ಷಾ 1200. ಅದ್ರ ಮೇಲೆ 25 ಪರ್ಸೆಂಟ್ ಅಂದ್ರೆ 1500. 75 ಪರ್ಸೆಂಟ್ ಮೇಲಿರೋರಿಗೇ 1400, 40ರಿಂದ 74 ಇರೋರಿಗೆ ಬರೀ 800, ಅದೂ 2021ರಲ್ಲಿ 600 ಇದ್ದಿದ್ದು 800 ಆಗಿದ್ದು. ಸೆಂಟ್ರಲ್ ಗೌರ್ಮೆಂಟ್ ಅಂತೂ 80 ಪರ್ಸೆಂಟ್ ಮೇಲಿರೋ ಬಿಪಿಎಲ್‌ನೋರಿಗೆ ಅಂತ ಕೊಡೋ ಪಾಲು 2012ರಿಂದ 300 ರೂಪಾಯಿನೇ. 300ಕ್ಕೆ ಈಗ ಬೆಂಗ್ಳೂರಲ್ಲಿ ಏನ್ ಬರತ್ತೆ ಹೇಳಿ, ಮೆಜೆಸ್ಟಿಕ್ಕಿಂದ ಉತ್ತರಹಳ್ಳಿಗೆ ಆಟೋದವ್ನು ಮುಖ ನೋಡಲ್ಲ.

ಹಳೇ_ಕಡತ:
ಗುರು ಅವ್ರೇ, ಲೆಕ್ಕ ನೀವು ಹೇಳಿದ್ದು ಸರಿಯಾಗಿದೆ. ಆದ್ರೆ ಅದೇ ಸೆಕ್ಷನ್ ಶುರು ಆಗೋದೇ ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ ಅಂತ. ಆ ಒಂದು ಸಾಲಿನ ನೆರಳಲ್ಲಿ ಎಲ್ಲಾ ಸರ್ಕಾರಗಳೂ ನಿಂತ್ಕೊಂಡಿವೆ.

ಕೌಂಟರ್_ನಂ_4:
ಬ್ಯಾಂಕ್ ಎಂಪ್ಲಾಯೀ ಇಲ್ಲಿ. ನಮ್ಮ ಕಡೆಯಿಂದ್ಲೂ ಒಂದೆರಡು ಮಾತು, ಬೈಯೋ ಮುಂಚೆ ಓದಿ. ಆಧಾರ್ ಕೆವೈಸಿಗೆ (ಗುರುತಿನ ದಾಖಲೆಯಾಗಿ) ಕೊಟ್ಟಿರೋದು ಬೇರೆ, ಎನ್‌ಪಿಸಿಐ ಮ್ಯಾಪರಲ್ಲಿ (ಯಾವ ಆಧಾರ್ ದುಡ್ಡು ಯಾವ ಬ್ಯಾಂಕಿಗೆ ಅನ್ನೋ ಪಟ್ಟಿ) ಸೀಡ್ ಆಗಿರೋದು ಬೇರೆ. ಜನ ಬಂದು ಆಧಾರ್ ಲಿಂಕ್ ಆಗಿದ್ಯಾ ಅಂತಾರೆ, ಕೌಂಟರಲ್ಲಿರೋ ಹುಡ್ಗ ಸ್ಕ್ರೀನ್ ನೋಡಿ ಆಗಿದೆ ಅಂತಾನೆ, ಇಬ್ರೂ ಸುಳ್ಳು ಹೇಳ್ತಿಲ್ಲ ಆದ್ರೂ ದುಡ್ಡು ಬರಲ್ಲ. ನೀವು ಕೇಳ್ಬೇಕಾಗಿರೋದು "ಡಿಬಿಟಿಗೆ ಎನ್‌ಪಿಸಿಐ ಸೀಡಿಂಗ್ ಮಾಡ್ಕೊಡಿ" ಅಂತ. ಒಂದು ಪೇಜ್ ಕನ್ಸೆಂಟ್ ಫಾರ್ಮ್ ಇರತ್ತೆ, ಅದ್ರಲ್ಲಿ ಬೇರೆ ಬ್ಯಾಂಕಿಂದ ನಮ್ಮ ಬ್ಯಾಂಕಿಗೆ ಬದಲಾಯಿಸಿ ಅನ್ನೋ ಕಾಲಂ ಟಿಕ್ ಮಾಡಿ ಈಗಿರೋ ಬ್ಯಾಂಕ್ ಹೆಸ್ರು ಬರೀಬೇಕು, ಹೊಸ ಸೀಡಿಂಗ್ ಅಂತ ಟಿಕ್ ಮಾಡಿದ್ರೆ ರಿಜೆಕ್ಟ್ ಆಗ್ಬೋದು.

ಇನ್ನೊಂದು ಅಕ್ಕ, ತಮ್ಮನಿಗೆ 18 ದಾಟಿದೆ. ಅವ್ನು ಸಹಿ ಅಥವಾ ಹೆಬ್ಬೆಟ್ಟು ಹಾಕ್ತಾನೆ, ವ್ಯವಹಾರ ಅರ್ಥ ಆಗತ್ತೆ ಅಂದ್ರೆ ಏನೂ ತೊಂದ್ರೆ ಇಲ್ಲ, ಅಕೌಂಟ್ ಅವ್ನದ್ದೇ, ಅವ್ನೇ ನಡೆಸ್ಬೋದು. ಸೆರೆಬ್ರಲ್ ಪಾಲ್ಸಿ ಅಂದ್ರೆ ಬುದ್ಧಿ ಕಮ್ಮಿ ಅಂತ ನಮ್ಮ ಸ್ಟಾಫೇ ಎಷ್ಟೋ ಜನ ಅಂದ್ಕೊಂಡಿದಾರೆ, ಅದು ತಪ್ಪು. ಅವ್ನ ಕೈಲಿ ಆಗಲ್ಲ ಅಂದ್ರೆ ಮಾತ್ರ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಲೀಗಲ್ ಗಾರ್ಡಿಯನ್ ಸರ್ಟಿಫಿಕೇಟ್ ಮಾಡಿಸ್ಬೇಕು, ಡಿಸಿ ಇರೋ ಲೋಕಲ್ ಲೆವೆಲ್ ಕಮಿಟಿಗೆ ಅರ್ಜಿ ಹಾಕೋದು. ಅಮ್ಮ ಅಂದ ಮಾತ್ರಕ್ಕೆ ಮೇಜರ್ ಆದ ಮಗನ ಅಕೌಂಟಲ್ಲಿ ಸಹಿ ಹಾಕಕ್ಕಾಗಲ್ಲ, ಮೇಲಿನೋರು ನಮ್ಮನ್ನ ಹಿಡ್ಕೋತಾರೆ.

ಕೆಆರ್‌ಪುರ_ಅಮ್ಮ:
ನಡುವೆ ಬಂದಿದ್ದಕ್ಕೆ ಬೇಜಾರಾಗ್ಬೇಡಿ, ನಂದೂ ಇದೇ ಥರ. ಮಗಳಿಗೆ 14, 60 ಪರ್ಸೆಂಟ್, 800 ಬರ್ತಿತ್ತು. ನನಗೆ ಗೃಹಲಕ್ಷ್ಮಿ 2000 ಬರ್ತಿದೆ ಅದಕ್ಕೆ ಮಗಳದ್ದು ಕಟ್ ಮಾಡಿದಾರೆ ಅಂತ ನಮ್ಮ ಬೀದೀಲಿ ಎಲ್ರೂ ಅಂತಿದಾರೆ. ನಿಜಾನಾ?

ಹಳೇ_ಕಡತ:
ಇಲ್ಲಮ್ಮ. ಗೃಹಲಕ್ಷ್ಮಿ ಬೇರೆ ಇಲಾಖೆ, ಬೇರೆ ದುಡ್ಡು, ಅದು ಬಂದ್ರೆ ಪೆನ್ಷನ್ ನಿಲ್ಲಲ್ಲ. ಒಬ್ರೇ ಎರಡು ಪೆನ್ಷನ್ ತಗೊಳ್ಳೋ ಹಾಗಿಲ್ಲ ಅಷ್ಟೇ, ಅಂದ್ರೆ ಅಂಗವಿಕಲ ಪೆನ್ಷನ್ ಇರೋರಿಗೆ ವಿಧವಾ ವೇತನಾನೂ ಅಂತ ಕೊಡಲ್ಲ. ನಿಮ್ಮ ಮಗಳದ್ದು ಸರ್ಟಿಫಿಕೇಟ್ ತೆಗ್ದು ನೋಡಿ, ಪರ್ಮನೆಂಟ್ ಅಂತಿದ್ಯಾ ಇಲ್ಲ ಟೆಂಪರರಿ ಅಂತ ಹಾಕಿ ಡೇಟ್ ಕೊಟ್ಟಿದಾರಾ? ಮಕ್ಕಳಿಗೆ ಎಷ್ಟೋ ಸಲ ಇಷ್ಟು ವರ್ಷ ಅಂತ ಕೊಟ್ಟಿರ್ತಾರೆ, ಡೇಟ್ ಮುಗಿದ್ರೆ ಮತ್ತೆ ಆಸ್ಪತ್ರೆಯ ಮೆಡಿಕಲ್ ಬೋರ್ಡ್ ಮುಂದೆ ಹೋಗಿ ಯುಡಿಐಡಿ ರಿನ್ಯೂ ಮಾಡಿಸಿ ನಾಡಕಚೇರಿಗೆ ಕಾಪಿ ಕೊಡ್ಬೇಕು. ಜೊತೆಗೆ 15 ತುಂಬಿದ ತಕ್ಷಣ ಅವಳ ಆಧಾರ್‌ಗೆ ಬೆರಳಚ್ಚು, ಕಣ್ಣು ಮತ್ತೆ ಕೊಟ್ಟು ಅಪ್‌ಡೇಟ್ ಮಾಡಿಸೋದು ಮರೀಬೇಡಿ.

ಗಾಲಿಕುರ್ಚಿ_ಗುರು:
ಇದಕ್ಕೆ ಸೇರ್ಸ್ತೀನಿ, ತುಂಬಾ ಜನ ಅಂಗವಿಕಲರ ಇಲಾಖೆಗೆ ಹೋಗಿ ಪೆನ್ಷನ್ ಕೇಳ್ತಾರೆ. ಅಲ್ಲಿ ಗಾಲಿಕುರ್ಚಿ, ತ್ರಿಚಕ್ರ ಬೈಕು, ಸ್ಕಾಲರ್‌ಶಿಪ್ಪು ಅದೆಲ್ಲಾ. ಪೆನ್ಷನ್ ಕೊಡೋದು ಕಂದಾಯ ಇಲಾಖೆ. ಫೋನ್ ಮಾಡೋದಾದ್ರೆ ಕಂದಾಯ ಇಲಾಖೆ ಹೆಲ್ಪ್‌ಲೈನ್ 155245, ಅಲ್ಲಿ ಆಗ್ಲಿಲ್ಲ ಅಂದ್ರೆ 1902ಕ್ಕೆ ಜನಸ್ಪಂದನದಲ್ಲಿ ಕಂಪ್ಲೇಂಟ್ ಹಾಕಿ ನಂಬರ್ ತಗೊಳ್ಳಿ. ನಂಬರ್ ಇಲ್ದೇ ಬರೀ ಬಾಯ್ಮಾತಲ್ಲಿ ಕೇಳಿದ್ರೆ ಯಾರೂ ಕ್ಯಾರೇ ಅನ್ನಲ್ಲ.

ಉತ್ತರಹಳ್ಳಿ_ಅಕ್ಕ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಆ್ಯಪ್ ಹಾಕ್ದೆ, ಓಟಿಪಿ ದೊಡ್ಡಪ್ಪನ ಫೋನಿಗೆ ಹೋಯ್ತು, ಅವ್ರು ತುಮಕೂರಲ್ಲಿದಾರೆ, ಅವ್ರು ನಂಬರ್ ಓದಿ ಹೇಳೋ ಅಷ್ಟರಲ್ಲಿ ಟೈಮ್ ಔಟ್, ಆಮೇಲೆ ಹೇಗೋ ಆಯ್ತು. ನೀವು ಹೇಳಿದ ಹಾಗೇ ಸಾರ್, ಮಾರ್ಚ್ ಆದ್ಮೇಲಿಂದು ಎಲ್ಲಾ ಆ ಸಿಮ್ ಅಂಗಡಿ ಅಕೌಂಟಿಗೇ ಹೋಗಿದೆ, ಸಕ್ಸಸ್ ಅಂತ ತೋರಿಸ್ತಿದೆ. ದುಡ್ಡು ಹೋಗಿಲ್ಲ ಅಂತ ಗೊತ್ತಾಗಿ ಅಮ್ಮಂಗೆ ಜೀವ ಬಂತು. ಎರಡು ಡೌಟು. ನಾಳೆನೇ ಆ ಅಕೌಂಟ್ ಕ್ಲೋಸ್ ಮಾಡಿಸ್ಬಿಡ್ಲಾ? ಮತ್ತೆ ಅವ್ನ ಬೆರಳು ಮಡಚಿರತ್ತೆ, ಮೆಷಿನ್ ಮೇಲೆ ನಿಲ್ಲಲ್ಲ, ಸಿಮ್ ತಗೋವಾಗ್ಲೂ ಒಂದೇ ಬೆರಳು ತಗೊಂಡಿದ್ದು, ಅದೂ ಎಷ್ಟೋ ಹೊತ್ತು ಒದ್ದಾಡಿ. ದುಡ್ಡು ತೆಗೆಯೋದು ಹೇಗೆ?

ಕೌಂಟರ್_ನಂ_4:
ಕ್ಲೋಸ್ ಮಾಡ್ಬೇಡಿ ಈಗ್ಲೇ! ಮ್ಯಾಪರಲ್ಲಿ ಇನ್ನೂ ಆ ಬ್ಯಾಂಕೇ ಇದೆ, ಅಕೌಂಟ್ ಕ್ಲೋಸ್ ಆದ್ರೆ ಮುಂದಿನ ತಿಂಗ್ಳ ದುಡ್ಡು ಬೌನ್ಸ್ ಆಗಿ ಖಜಾನೆಗೆ ವಾಪಸ್ ಹೋಗತ್ತೆ, ಆಮೇಲೆ ಬಾಕಿ ಬಿಡುಗಡೆ ಮಾಡಿ ಅಂತ ತಹಸೀಲ್ದಾರ್ ಆಫೀಸಿಗೆ ಅರ್ಜಿ ಕೊಟ್ಟು ಕಾಯ್ಬೇಕು. ಮೊದ್ಲು ಹಳೇ ಬ್ಯಾಂಕಲ್ಲಿ ಸೀಡಿಂಗ್ ಬದ್ಲಾಯ್ಸಿ, ಮೈ ಆಧಾರಲ್ಲಿ ಹಳೇ ಬ್ಯಾಂಕ್ ಹೆಸ್ರು ಆ್ಯಕ್ಟಿವ್ ಅಂತ ಬರ್ಲಿ, ಒಂದು ಪೇಮೆಂಟ್ ಪಾಸ್‌ಬುಕ್ಕಲ್ಲಿ ಎಂಟ್ರಿ ಆಗ್ಲಿ, ಆಮೇಲೆ ಕ್ಲೋಸ್ ಮಾಡಿ.

ದುಡ್ಡು ತೆಗಿಯಕ್ಕೆ ಬೆರಳೇ ಬೇಕಾಗಿಲ್ಲ. ಆ ಪೇಮೆಂಟ್ಸ್ ಬ್ಯಾಂಕ್ ಆ್ಯಪಲ್ಲಿ ಅದೇ ಸಿಮ್ ಹಾಕಿ ಲಾಗಿನ್ ಆಗಿ, ತಮ್ಮನ್ನ ಪಕ್ಕದಲ್ಲೇ ಕೂರಿಸ್ಕೊಂಡು ಅವ್ನದ್ದೇ ಹಳೇ ಅಕೌಂಟಿಗೆ ಟ್ರಾನ್ಸ್‌ಫರ್ ಮಾಡಿ. ನಿಮ್ಮ ಅಕೌಂಟಿಗೋ ಅಮ್ಮನ ಅಕೌಂಟಿಗೋ ಹಾಕ್ಕೊಬೇಡಿ, ಮುಂದೆ ಯಾರಾದ್ರೂ ವೆರಿಫಿಕೇಷನ್‌ಗೆ ಬಂದ್ರೆ ಅವ್ನ ಪಾಸ್‌ಬುಕ್ಕಲ್ಲೇ ಎಲ್ಲಾ ಕಾಣ್ಬೇಕು.

ಕೆಆರ್‌ಪುರ_ಅಮ್ಮ:
ಸರ್ಟಿಫಿಕೇಟ್ ನೋಡ್ದೆ ಸಾರ್. ಟೆಂಪರರಿ ಅಂತಾನೇ ಇದೆ, ಡೇಟ್ ಮುಗಿದಿದೆ. ಬೋರ್ಡಿಗೆ ಹೋಗೋ ಮುಂಚೆ ಸ್ವಾವಲಂಬನ್ ಅನ್ನೋ ಯುಡಿಐಡಿ ವೆಬ್‌ಸೈಟಲ್ಲಿ ರಿನ್ಯೂ ಅಂತ ಅಪ್ಲೈ ಮಾಡ್ಬೇಕಾ ಅಥವಾ ನೇರ ಆಸ್ಪತ್ರೆಗೇ ಹೋಗೋದಾ?

ಹಳೇ_ಕಡತ:
ಮೊದ್ಲು ಆನ್‌ಲೈನ್ ಅಮ್ಮ, ಅಪ್ಲಿಕೇಷನ್ ಪ್ರಿಂಟ್ ತಗೊಂಡು ಆಮೇಲೆ ಆಸ್ಪತ್ರೆ. ಹಳೇ ಸರ್ಟಿಫಿಕೇಟ್ ಒರಿಜಿನಲ್ ಅಲ್ಲಿ ಬಿಟ್ಟು ಬರ್ಬೇಡಿ, ಜೆರಾಕ್ಸ್ ಕೊಡಿ.