ಬಿ. ಎಲ್. ರೈಸ್ ಹೆಸರಲ್ಲಿರೋ ‘ರೈಸ್’ಗೂ ಅಕ್ಕಿಗೂ ಸಂಬಂಧ ಉಂಟಾ?

ಕನ್ನಡ ಟೀಚರ್, ಶಿರಾಳಕೊಪ್ಪ:

ಎಲ್ಲರಿಗೂ ನಮಸ್ಕಾರ. ಹೋದ ವಾರ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ತಾಳಗುಂದಕ್ಕೆ ಕರ್ಕೊಂಡು ಹೋಗಿದ್ದೆ. ಪ್ರಣವೇಶ್ವರ ದೇವಸ್ಥಾನದ ಮುಂದಿನ ಶಾಸನದ ಕಂಬ ತೋರಿಸಿದೆ. ಶಾಸನ ರಚಿಸಿದ ಕವಿ ಕುಬ್ಜ, ಕದಂಬರ ಮಯೂರಶರ್ಮ, ಕಂಚಿಯ ಜಗಳ ಎಲ್ಲಾ ಹೇಳಿ, 1894ರಲ್ಲಿ ಈ ಶಾಸನವನ್ನು ಬೆಳಕಿಗೆ ತಂದವರು ಶಾಸನ ವಿದ್ವಾಂಸ ಬಿ. ಎಲ್. ರೈಸ್ ಅಂದೆ. ಕಂಬಕ್ಕೆ ಅಂಟಿಕೊಂಡ ಹಾಗೆ ನಿಂತಿದ್ದ ಒಬ್ಬ ಹುಡುಗಿ ಕೇಳಿದಳು: “ಟೀಚರ್, ಅವರ ಮನೆಯವರು ಭತ್ತ ಬೆಳೀತಿದ್ರಾ?” ಅವಳಪ್ಪ ರೈಸ್‌ಮಿಲ್ಲಲ್ಲಿ ಹಮಾಲಿ ಮಾಡೋರು. ಅವಳು ಹಾಗೆ ಕೇಳಿದ್ದರಲ್ಲಿ ತಪ್ಪೇನಿದೆ?

ಉಳಿದವರು ನಕ್ಕರು. ನನಗೆ ಬೇಜಾರಾಯ್ತು. ಒಳ್ಳೆ ಪ್ರಶ್ನೆ ಅದು. ಹದಿನೇಳು ವರ್ಷದಿಂದ ಪಾಠದಲ್ಲಿ ಆ ಹೆಸರು ಹೇಳ್ತಾ ಇದೀನಿ, ಅರ್ಥ ಕೇಳಿಕೊಂಡಿರಲಿಲ್ಲ. ಸೋಮವಾರ ಹೇಳ್ತೀನಿ ಅಂತ ಮಾತು ಕೊಟ್ಟಿದೀನಿ. ಬಲ್ಲವರು ದಯವಿಟ್ಟು ಹೇಳಿ.

ಮಂಡಗದ್ದೆಯವ:

ಟೀಚರ್, ನಾನು ಕಾರ್ಡಿಫ್‌ನಲ್ಲಿ ನರ್ಸ್. ನಮ್ಮ ವಾರ್ಡಿನ ಪಟ್ಟಿಯಲ್ಲಿ ದಿನಾ ಒಬ್ಬ ರೀಸ್, ಒಬ್ಬ ಪ್ರೈಸ್ ಇದ್ದೇ ಇರ್ತಾರೆ. ರೈಸ್ ಕೂಡ ಅದೇ ಬಳ್ಳಿಯ ಕುಡಿ. ಇಂಗ್ಲೆಂಡಿನಲ್ಲಿ ಬಹಳ ಹಿಂದಿನಿಂದ ಇರೋ ಹೆಸರಾದರೂ ಹೆಚ್ಚಿನ ರೈಸ್‌ಗಳ ಬೇರು ಇರೋದು ಇಲ್ಲಿ, ವೇಲ್ಸ್‌ನಲ್ಲಿ. ‘ರ‍್ಹೀಸ್’ ಅನ್ನೋದು ಇಲ್ಲಿನವರ ಹಳೇ ಅಂಕಿತನಾಮ. ಅರ್ಥ ಹುರುಪು, ಆವೇಶ. ರಾಜರಿಗೂ ಆ ಹೆಸರಿತ್ತು. 1197ರಲ್ಲಿ ತೀರಿಕೊಂಡ ರ‍್ಹೀಸ್ ಆಪ್ ಗ್ರಿಫಿದ್ ಹೆಸರನ್ನು ಇಲ್ಲಿ ಶಾಲೆ ಮಕ್ಕಳೂ ಬಲ್ಲರು.

‘ಆಪ್’ ಅಂದರೆ ಮಗ. ಆಪ್ ರ‍್ಹೀಸ್ ಅಂತ ಬೇಗ ಬೇಗ ಹೇಳಿ ನೋಡಿ, ಪ್ರೈಸ್ ಆಗುತ್ತೆ. ಆಪ್ ಹವೆಲ್ ಪೊವೆಲ್ ಆಯ್ತು, ಆಬ್ ಓವೆನ್ ಬೋವೆನ್ ಆಯ್ತು. ಮೊದಲು ಇವು ಮನೆತನದ ಹೆಸರೇ ಅಲ್ಲ, ತಲೆಮಾರಿಗೊಂದು ಬದಲಾಗ್ತಿತ್ತು. ನಮ್ಮ ಇನಿಷಿಯಲ್ ಇದ್ದ ಹಾಗೆ. 1536 ಮತ್ತು 1543ರ ಕಾನೂನುಗಳಿಂದ ವೇಲ್ಸ್ ಇಂಗ್ಲೆಂಡಿನ ಆಡಳಿತಕ್ಕೆ ಪೂರ್ತಿ ಸೇರಿತು. ಕೋರ್ಟು, ಚರ್ಚಿನ ದಫ್ತರದಲ್ಲಿ ಬರೆಯೋರಿಗೆ ಒಂದು ಖಾಯಂ ಹೆಸರು ಬೇಕಾಯ್ತು. ಬರ್ತಾ ಬರ್ತಾ ಯಾವುದೋ ಒಬ್ಬ ಅಜ್ಜನ ಹೆಸರು ಅಲ್ಲೇ ನಿಂತುಬಿಡ್ತು.

ಇದು ನನಗೆ ಪುಸ್ತಕ ಓದಿ ಅರ್ಥವಾದದ್ದಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟರೆ ತೊಂದರೆ ಅಂತ ಅಪ್ಪನ ಹೆಸರು ಬರೆಸಿದ್ದೆ. ಮಗಳು ಹುಟ್ಟಿದಾಗ ಅವಳಿಗೂ ಅದೇ ಬಂತು. ಮಂಡಗದ್ದೆಯಲ್ಲಿ ತೋಟ ಮಾಡಿಕೊಂಡಿದ್ದ ನಮ್ಮಪ್ಪನ ಹೆಸರನ್ನು ಈಗ ಇಲ್ಲಿನ ಶಾಲೆಯಲ್ಲಿ ಹಾಜರಿಗೆ ಕೂಗ್ತಾರೆ. ಆ ರ‍್ಹೀಸ್ ಅಜ್ಜನಿಗೂ ಆದದ್ದು ಇದೇ.

ಕಾನಂಚಿನ ಮನೆ, ಸಾಗರ:

ಇವರು ಹೇಳಿದ್ದು ಸರಿ. ಆದರೆ ಇನ್ನೊಂದು ಬೇರೂ ಇದೆ. ಹಳೆಯ ಇಂಗ್ಲಿಷಿನಲ್ಲಿ ‘ಹ್ರೀಸ್’ ಅಂದರೆ ಕುರುಚಲು ಗಿಡ, ಮಟ್ಟಿ. ಯಾರ್ಕ್‌ಷೈರಿನಲ್ಲಿ ರೈಸ್ (Rise) ಅನ್ನೋ ಊರಿದೆ. ಅದು ಮಟ್ಟಿಯಿಂದ ಬಂದ ಹೆಸರು. ಕೆಲವು ಮನೆತನಗಳ ಹೆಸರು ಇಲ್ಲಿಂದಲೂ ಬಂದಿರಬಹುದು.

ನನಗೆ ಇದಕ್ಕಿಂತ ಖುಷಿ ಕೊಟ್ಟದ್ದು ಬಿ. ಎಲ್. ರೈಸ್ ಅವರ ತಂದೆಯ ಹೆಸರು. ಬೆಂಗಳೂರಲ್ಲಿ ಲಂಡನ್ ಮಿಷನ್ ಪಾದ್ರಿಯಾಗಿದ್ದವರು, ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಅವರ ಹೆಸರಿನದೇ. ಪೂರ್ತಿ ಹೆಸರು ಬೆಂಜಮಿನ್ ಹೋಲ್ಟ್ ರೈಸ್. ಈ ಹೋಲ್ಟ್ ಅಪ್ಪಟ ಹಳೆ ಇಂಗ್ಲಿಷ್ ಮನೆತನದ ಹೆಸರು. ಅರ್ಥ ಮರಗಳ ತೋಪು, ಸಣ್ಣ ಕಾಡು. ನಮ್ಮ ಮಾತಲ್ಲಿ ಹೇಳೋದಾದರೆ ಕಾನು! ಕಾನಿನ ಪಕ್ಕ ಮನೆ ಇದ್ದವನನ್ನು ಊರವರು ಹಾಗೇ ಕರೆದರು. ನಮ್ಮಲ್ಲಿ ಕಾನ್ಮನೆ, ಹೊಳೆಬಾಗಿಲು, ಗದ್ದೆಮನೆ ಅನ್ನೋದಿಲ್ವಾ, ಹಾಗೆ. ನಮ್ಮ ಮನೆಗೆ ಈ ಹೆಸರು ಬಂದದ್ದು ಹಿತ್ತಲ ಬಾಗಿಲು ತೆಗೆದರೆ ಹತ್ತು ಹೆಜ್ಜೆಗೆ ಕಾನು ಇದ್ದದ್ದರಿಂದ. ಈಗ ಅಲ್ಲಿ ಅಕೇಶಿಯಾ ಪ್ಲಾಂಟೇಶನ್. ಮನೆ ಹೆಸರು ಮಾತ್ರ ಹಾಗೇ ಇದೆ.

ಶಾಸನಗಳ ಇನ್ನೊಬ್ಬ ದೊಡ್ಡ ವಿದ್ವಾಂಸ ಫ್ಲೀಟ್ ಅವರ ಹೆಸರೂ ಈ ಜಾತಿಯದೇ: ‘ಫ್ಲೇಓಟ್’ ಅಂದರೆ ಹೊಳೆ, ಹಿನ್ನೀರಿನ ಕವಲು. ಲಂಡನ್ನಿನ ಫ್ಲೀಟ್ ಸ್ಟ್ರೀಟ್ ಕೂಡ ಫ್ಲೀಟ್ ಅನ್ನೋ ಹೊಳೆಯ ಹೆಸರಿನದು. ಆ ಹೊಳೆ ಈಗ ನೆಲದಡಿ ಹರಿಯುತ್ತೆ.

ಮಕ್ಕಳಿಗೆ ಒಂದು ಮಾತು ಹೇಳಿ ಟೀಚರ್. ಈಗ ಕಿವಿಗೆ ಕೇಳೋ ಸದ್ದಿನ ಮೇಲೆ ಹೆಸರಿನ ಅರ್ಥ ಕಟ್ಟಬಾರದು, ಅತಿ ಹಳೆಯ ಬರಹದಲ್ಲಿ ಅದು ಹೇಗಿತ್ತು ಅಂತ ನೋಡಬೇಕು. ತಾಳಗುಂದಕ್ಕೆ ತಾಳೆಮರದ ಕಥೆ ಹೇಳೋರು ಸಿಗ್ತಾರೆ, ಶಾಸನದಲ್ಲಿರೋದು ಸ್ಥಾನಕುಂದೂರು. ಅದನ್ನು ಓದಿ ಅಚ್ಚು ಹಾಕಿಸಿದವರೇ ರೈಸ್. ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೇ ಸಂಪುಟ, 1902, ಶಿಕಾರಿಪುರ ತಾಲ್ಲೂಕಿನ ಶಾಸನ ಸಂಖ್ಯೆ 176.

ರಿಪ್ಪನ್‌ಪೇಟೆ ಹುಡುಗ:

ಊಟದ ರೈಸ್ ಪದದ ದಾರಿಯೇ ಬೇರೆ. ಗ್ರೀಕಿನ ‘ಒರೂಜ’, ಲ್ಯಾಟಿನ್, ಇಟಲಿಯ ‘ರೀಸೊ’, ಹಳೆ ಫ್ರೆಂಚಿನ ‘ರಿಸ್’ ದಾಟಿ ಇಂಗ್ಲಿಷಿಗೆ ಬಂದದ್ದು. ಎರಡೂ ಒಂದೇ ಸ್ಪೆಲ್ಲಿಂಗಿಗೆ ಬಂದು ಕೂತಿವೆ ಅಷ್ಟೇ.

ಕನ್ನಡ ಟೀಚರ್, ಶಿರಾಳಕೊಪ್ಪ:

ಎಲ್ಲರಿಗೂ ಕೈಮುಗಿದೆ. ಇವತ್ತು ಅದೇ ಹುಡುಗಿಯನ್ನು ಬೋರ್ಡಿನ ಹತ್ತಿರ ಕರೆದು ಬರೆಸಿದೆ: ರೈಸ್ – ಹುರುಪು, ಹೋಲ್ಟ್ – ಕಾನು. ಕ್ಲಾಸು ಪೂರ್ತಿ ತಮ್ಮ ತಮ್ಮ ಮನೆ ಹೆಸರು ಹೇಳೋಕೆ ಶುರು ಮಾಡಿತು, ಬೆಲ್ ಹೊಡೆದರೂ ಏಳಲಿಲ್ಲ. ಚಾಕ್‌ಪೀಸ್ ಕೈಯಲ್ಲೇ ಹಿಡಿದುಕೊಂಡು ಅವಳು ಮತ್ತೆ ಕೇಳಿದಳು: “ಬಿ. ಎಲ್. ಅಂದ್ರಲ್ಲ ಟೀಚರ್, ಎಲ್ ಅಂದ್ರೆ?” ಲೂಯಿಸ್ ಅಂದೆ. “ಅದಕ್ಕೇನರ್ಥ?”

ಮಂಡಗದ್ದೆಯವ:

ಅದಕ್ಕೂ ಎರಡು ದಾರಿ ಟೀಚರ್. ಒಂದು ಫ್ರಾನ್ಸಿನ ಲೂಯಿ, ಅದರ ಬೇರಿನಲ್ಲಿ ‘ಯುದ್ಧದಲ್ಲಿ ಹೆಸರಾದವನು’ ಅನ್ನೋ ಅರ್ಥ ಇದೆ. ಇನ್ನೊಂದು ಮತ್ತೆ ನಮ್ಮ ವೇಲ್ಸ್‌ನದೇ: ಲ್ಲೆವೆಲಿನ್ ಅನ್ನೋ ಹೆಸರು ನಾಲಿಗೆಗೆ ಹೊರಳದ ಇಂಗ್ಲಿಷ್ ಗುಮಾಸ್ತರು ಲೂಯಿಸ್ ಅಂತ ಬರ್ಕೊಂಡರು. ನಮ್ಮಪ್ಪನ ಹೆಸರನ್ನು ಇಲ್ಲಿ ಹೇಗೆ ಕೂಗ್ತಾರೆ ಅಂತ ಅವಳಿಗೆ ಇನ್ನೊಮ್ಮೆ ಹೇಳ್ತೀನಿ.