ಲಾವಾದಡಿ ಹೋದ ಊರು ಚದುರದೆ ಉಳಿದದ್ದು ಹೇಗೆ? ಮೆಕ್ಸಿಕೋದ ನುವೇವೊ ಪರಂಗರಿಕುತಿರೊ ಬಗ್ಗೆ

ಪ್ರಶ್ನೆ (ಸಾಗರದಿಂದ)

ಮಾನ್ಯರೇ,

ಶರಾವತಿ ಕಣಿವೆಯ ಮುಳುಗಡೆ ಊರುಗಳ ಕುರಿತು ಒಂದು ಲೇಖನ ಸಿದ್ಧಪಡಿಸುತ್ತಿದ್ದೇನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಒಂದೇ ಊರಿನ ಕುಟುಂಬಗಳು ಹಲವು ದಿಕ್ಕಿಗೆ ಚದುರಿಹೋದವು. ಎಷ್ಟೋ ಮನೆಗಳ ಹಕ್ಕುಪತ್ರದ ಪ್ರಶ್ನೆ ಇಂದಿಗೂ ಇತ್ಯರ್ಥವಾಗಿಲ್ಲ. ಹೊರದೇಶದ ಉದಾಹರಣೆಗಳನ್ನು ಹುಡುಕುವಾಗ ಮೆಕ್ಸಿಕೋದ ಮಿಚೊಆಕಾನ್ ರಾಜ್ಯದ ನುವೇವೊ ಪರಂಗರಿಕುತಿರೊ ಎಂಬ ಸಣ್ಣ ಮುನಿಸಿಪಾಲಿಟಿಯ ಹೆಸರು ಸಿಕ್ಕಿತು. ಜ್ವಾಲಾಮುಖಿಯಿಂದ ಊರು ಕಳೆದುಕೊಂಡವರು ಬೇರೆಡೆ ಅದೇ ಹೆಸರಿನಲ್ಲಿ ಊರು ಕಟ್ಟಿಕೊಂಡರಂತೆ. ಆ ಸೀಮೆಯ ನೆಲ ಎಂಥದ್ದು, ಜನ ಹೇಗೆ ಒಟ್ಟಾಗಿ ಹೋದರು, ಅಲ್ಲಿ ಮುನಿಸಿಪಾಲಿಟಿ ಎಂದರೆ ನಮ್ಮ ಪುರಸಭೆಯಂಥದ್ದೇ, ಹಳೆಯ ಕಾಡಿನ ಮೇಲಿನ ಹಕ್ಕು ಏನಾಯಿತು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ತೀರ್ಥಹಳ್ಳಿ, ಭೂಗೋಳದ ಉಪನ್ಯಾಸಕ)

ಮೊದಲು ನೆಲದ ವಿಷಯ. ಮೆಕ್ಸಿಕೋವನ್ನು ಪೂರ್ವ ಪಶ್ಚಿಮವಾಗಿ ಅಡ್ಡ ಹಾಯುವ ಜ್ವಾಲಾಮುಖಿ ಪಟ್ಟಿಯೊಳಗೆ ಈ ಸೀಮೆ ಬರುತ್ತದೆ. ಮಿಚೊಆಕಾನ್ ಮತ್ತು ಗ್ವಾನಾಹ್ವಾತೊ ರಾಜ್ಯಗಳಲ್ಲಿ ಹಬ್ಬಿರುವ ಭಾಗದಲ್ಲಿ ಒಂದೇ ಸಲ ಸಿಡಿದು ಮತ್ತೆಂದೂ ಏಳದ ಸಣ್ಣ ಜ್ವಾಲಾಮುಖಿಗಳು ಸಾವಿರಕ್ಕೂ ಹೆಚ್ಚಿವೆ. ಪೈನ್ ಮತ್ತು ಓಕ್ ಮರಗಳ ಈ ಎತ್ತರದ ಪ್ರದೇಶದಲ್ಲಿ ಪುರೆಪೆಚಾ ಜನ ಸ್ಪೇನಿನವರು ಬರುವ ಮೊದಲಿನಿಂದಲೂ ನೆಲೆಸಿದ್ದಾರೆ. ಮಳೆ ನಮ್ಮಂತೆಯೇ ಜೂನ್‌ನಿಂದ ಅಕ್ಟೋಬರ್‌ವರೆಗೆ ಬೀಳುತ್ತದೆಯಾದರೂ ಅಲ್ಲಿ ನಮ್ಮ ಹಾಗೆ ಮನೆ ಹಿಂದೆ ಹಳ್ಳ ಹರಿಯುವುದಿಲ್ಲ, ಏಕೆಂದರೆ ಬೂದಿ ಮತ್ತು ಲಾವಾದ ನೆಲ ಬಿದ್ದ ನೀರನ್ನೆಲ್ಲ ಒಳಗೆ ಇಳಿಸಿಕೊಂಡು ತಗ್ಗಿನಲ್ಲಿರುವ ಉರುಅಪಾನ್ ನಗರದ ಬಳಿ ಬುಗ್ಗೆಗಳಾಗಿ ಹೊರಬಿಡುತ್ತದೆ. ಮಲೆನಾಡಿನವರು ಆ ಭೂಪಟ ನೋಡುವಾಗ ಇದನ್ನು ನೆನಪಿಟ್ಟುಕೊಳ್ಳಬೇಕು: ಕಾಡು ದಟ್ಟವಾಗಿದ್ದರೂ ಮೇಲಿನ ಹಳ್ಳಿಗಳಲ್ಲಿ ನೀರಿಗೆ ಕಷ್ಟ.

ಕೆಲವು ವಾರ ನೆಲ ಸಣ್ಣಗೆ ನಡುಗಿದ ಮೇಲೆ, 1943ರ ಫೆಬ್ರುವರಿ 20ರಂದು, ಪರಿಕುತಿನ್ ಹಳ್ಳಿಯ ರೈತ ದಿಯೊನಿಸಿಯೊ ಪುಲಿದೊ ಅವರ ಮೆಕ್ಕೆಜೋಳದ ಹೊಲದಲ್ಲಿ ಬಿರುಕು ಬಿಟ್ಟು ಹೊಗೆ ಎದ್ದಿತು. ಬೆಳೆಯುತ್ತ ಹೋದ ಆ ದಿಬ್ಬ ಒಂದು ವರ್ಷದೊಳಗೆ 336 ಮೀಟರ್ ಎತ್ತರದ ಗುಡ್ಡವಾಯಿತು. ಒಂದು ಜ್ವಾಲಾಮುಖಿಯನ್ನು ಹುಟ್ಟಿನಿಂದ ಕೊನೆಯವರೆಗೂ ವಿಜ್ಞಾನಿಗಳು ಕಣ್ಣಾರೆ ಕಂಡು ದಾಖಲಿಸಲು ಸಾಧ್ಯವಾದ ಅಪರೂಪದ ಸಂದರ್ಭ ಅದು. ಮೆಕ್ಸಿಕೋದ ಎಸೆಕಿಯೆಲ್ ಒರ್ದೊನ್ಯೆಸ್ ಮತ್ತು ಅಮೆರಿಕದ ವಿಲಿಯಂ ಫೊಶಾಗ್ ಅಲ್ಲಿ ಅಧ್ಯಯನ ನಡೆಸಿದರು. 1952ರಲ್ಲಿ ಅದು ತಣ್ಣಗಾಗುವ ಹೊತ್ತಿಗೆ ಲಾವಾ ಸುಮಾರು 25 ಚದರ ಕಿಲೋಮೀಟರ್ ನೆಲವನ್ನು ಮುಚ್ಚಿತ್ತು. ಪರಿಕುತಿನ್ ಹಳ್ಳಿ ಪೂರ್ತಿ ಹೋಯಿತು. ಮುನಿಸಿಪಾಲಿಟಿಯ ಕೇಂದ್ರವಾಗಿದ್ದ ಸಾನ್ ಹ್ವಾನ್ ಪರಂಗರಿಕುತಿರೊದಲ್ಲಿ ಇಗರ್ಜಿಯ ಗೋಪುರ ಮತ್ತು ಬಲಿಪೀಠದ ಭಾಗ ಮಾತ್ರ ಕಪ್ಪು ಕಲ್ಲಿನ ಮೇಲೆ ಉಳಿದಿವೆ. ಲಾವಾ ನಿಧಾನವಾಗಿ ಬಂದದ್ದರಿಂದ ಅದರಡಿ ಸಿಕ್ಕಿ ಯಾರೂ ಸಾಯಲಿಲ್ಲ; ಸ್ಫೋಟದ ಮೋಡದ ಸಿಡಿಲಿಗೆ ಮೂವರು ಬಲಿಯಾದರು.

ಉತ್ತರ 2 (ಹೊಸನಗರ, ಕಂದಾಯ ಇಲಾಖೆಯ ನಿವೃತ್ತ ನೌಕರ)

ಉಪನ್ಯಾಸಕರು ಹೇಳಿದ್ದಕ್ಕೆ ಆಡಳಿತದ ಭಾಗವನ್ನು ಸೇರಿಸುತ್ತೇನೆ. ಅಲ್ಲಿನ ಮುನಿಸಿಪಾಲಿಟಿ ಪಟ್ಟಣಕ್ಕಷ್ಟೇ ಸೀಮಿತವಲ್ಲ. ಒಂದು ಕೇಂದ್ರ ಊರು, ಸುತ್ತಲಿನ ಹಳ್ಳಿಗಳು, ಹೊಲ, ಕಾಡು ಎಲ್ಲವೂ ಅದರ ವ್ಯಾಪ್ತಿಗೆ ಬರುವುದರಿಂದ ಹರವಿನಲ್ಲಿ ನಮ್ಮ ತಾಲ್ಲೂಕನ್ನು ಹೋಲುತ್ತದೆ. ಆದರೆ ತಹಶೀಲ್ದಾರರ ಬದಲು ಚುನಾಯಿತ ಅಧ್ಯಕ್ಷರು ಮತ್ತು ಸದಸ್ಯರ ಮಂಡಳಿ ಆಳುತ್ತದೆ. ಇದಕ್ಕೆ ಆಧಾರ 1917ರ ಸಂವಿಧಾನದ 115ನೇ ವಿಧಿ. ಮಿಚೊಆಕಾನ್ ರಾಜ್ಯದಲ್ಲಿ ಇಂಥ 113 ಮುನಿಸಿಪಾಲಿಟಿಗಳಿವೆ, ಅವುಗಳಲ್ಲಿ ನೀವು ಕೇಳಿದ್ದು ಒಂದು.

ನಿಮ್ಮ ಲೇಖನಕ್ಕೆ ಮುಖ್ಯವಾದದ್ದು ಮುಂದಿನ ಸಂಗತಿ ಎಂದು ನನಗೆ ತೋರುತ್ತದೆ. 1944ರ ಮೇ ತಿಂಗಳಲ್ಲಿ ಲಾವಾ ಊರ ಬಾಗಿಲಿಗೆ ಬಂದಾಗ ಜನ ತಮ್ಮ ಇಗರ್ಜಿಯ ‘ಪವಾಡಗಳ ಸ್ವಾಮಿ’ ಎಂಬ ಕ್ರಿಸ್ತನ ಪ್ರತಿಮೆಯನ್ನು ಹೊತ್ತು ಮೆರವಣಿಗೆಯಾಗಿ ಹೊರಟು, ಉರುಅಪಾನ್ ಪಕ್ಕದ ಲೊಸ್ ಕೊನೆಹೊಸ್ ಎಂಬ ಹಳೆಯ ಜಮೀನ್ದಾರಿ ಭೂಮಿಗೆ ಬಂದು ಇಳಿದರು. ದೇವರು ಎಲ್ಲಿ ನೆಲೆನಿಂತನೋ ಊರು ಅಲ್ಲೇ ಎಂಬ ಭಾವನೆ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲರೂ ಅಲ್ಲಿಯೇ ಉಳಿದರು ಎಂದು ಬರೆಯಬೇಡಿ. ಯುದ್ಧಕಾಲದ ಕೂಲಿ ಒಪ್ಪಂದದಡಿ ಅಮೆರಿಕದ ತೋಟಗಳಿಗೆ ಹೋದವರೂ ಇದ್ದರು, ಪರಿಕುತಿನ್ ಹಳ್ಳಿಯವರು ಕಾಲ್ತ್ಸೊಂತ್ಸಿನ್ ಎಂಬ ಬೇರೆ ನೆಲೆಗೆ ಹೋದರು. ಹಾಗಿದ್ದರೂ 1950ರಲ್ಲಿ ಹೊಸ ಊರು ಮುನಿಸಿಪಾಲಿಟಿಯ ಕೇಂದ್ರವಾಗಿ ಮಾನ್ಯತೆ ಪಡೆಯಿತು.

ಇನ್ನು ಕಾಡಿನ ಹಕ್ಕು. ಮೆಕ್ಸಿಕೋದ ಕಾನೂನಿನಲ್ಲಿ ಮೂಲನಿವಾಸಿ ಸಮುದಾಯವೇ ಭೂಮಿಯ ಒಡೆಯನಾಗಲು ಅವಕಾಶವಿದೆ, ಮತ್ತು ಇವರು ವಸತಿ ಬದಲಿಸಿದರೂ ಹಳೆಯ ಕಾಡಿನ ಮೇಲಿನ ಹಕ್ಕನ್ನು ಬಿಟ್ಟುಕೊಡಲಿಲ್ಲ. 1980ರ ದಶಕದಿಂದ ಸಮುದಾಯವೇ ಮರ ಕಡಿಯುವುದು, ಮತ್ತೆ ನೆಡುವುದು, ಪೈನ್ ಅಂಟು ತೆಗೆಯುವುದು, ಮರ ಕೊಯ್ಯುವ ಮಿಲ್ಲು, ಪೀಠೋಪಕರಣ ತಯಾರಿಕೆ ಇವೆಲ್ಲವನ್ನೂ ನಡೆಸುತ್ತಿದ್ದು, ಸಮುದಾಯ ಅರಣ್ಯ ನಿರ್ವಹಣೆಯ ಚರ್ಚೆಗಳಲ್ಲಿ ಅದರ ಹೆಸರು ಮತ್ತೆ ಮತ್ತೆ ಬರುತ್ತದೆ. ನಮ್ಮ ಸೊಪ್ಪಿನ ಬೆಟ್ಟದಲ್ಲಿ ರೈತನಿಗಿರುವುದು ಸೊಪ್ಪು ದರಗು ತರುವ ಸೌಲಭ್ಯ ಮಾತ್ರ, ಒಡೆತನವಲ್ಲ. ಈ ವ್ಯತ್ಯಾಸವನ್ನು ಬಿಟ್ಟು ಎರಡನ್ನೂ ಹೋಲಿಸಿದರೆ ತೂಕ ತಪ್ಪುತ್ತದೆ.

ಉತ್ತರ 3 (ಕೊಪ್ಪ, ಕಾಫಿ ಬೆಳೆಗಾರ್ತಿ)

ಅಲ್ಲಿನ ಚಿತ್ರವನ್ನು ಪೂರ್ತಿ ಹಸಿರಾಗಿ ಬರೆಯಬಾರದೆಂದು ನನ್ನ ವಿನಂತಿ. ಅಮೆರಿಕದ ಮಾರುಕಟ್ಟೆ 1997ರಲ್ಲಿ ಮಿಚೊಆಕಾನ್‌ನ ಬೆಣ್ಣೆಹಣ್ಣಿಗೆ ತೆರೆದ ಮೇಲೆ ಆ ಎತ್ತರದ ಬೂದಿಮಣ್ಣಿಗೆ ವಿಪರೀತ ಬೆಲೆ ಬಂದು, ಉರುಅಪಾನ್ ಸುತ್ತಲಿನ ಬೆಟ್ಟಗಳಲ್ಲಿ ಪೈನ್ ಕಾಡು ಕರಗಿ ತೋಟಗಳಾದವು. ಈ ಮುನಿಸಿಪಾಲಿಟಿಯಲ್ಲೂ ಬೆಣ್ಣೆಹಣ್ಣಿನ ತೋಟಗಳಿವೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಹೊಸನಗರದ ಹಿರಿಯರಲ್ಲಿ ಇನ್ನೊಂದು ಮಾತು ಕೇಳಬೇಕಿದೆ: ಲಾವಾದಡಿ ಹೋದ ಹೊಲಗಳ ಬದಲಿಗೆ ಅವರಿಗೆ ಭೂಮಿ ಮನೆತನವಾರು ಹಂಚಿಕೆಯಾಯಿತೇ, ಇಲ್ಲವೇ ಸಮುದಾಯದ ಹೆಸರಿನಲ್ಲಿಯೇ ಇತ್ತೇ? ನಮ್ಮಲ್ಲಿ ಮಂಜೂರಾತಿ ಹೆಸರುವಾರು ನಡೆದು ಊರಿನವರು ಒಬ್ಬೊಬ್ಬರಾಗಿ ಕಚೇರಿ ಅಲೆಯುವಂತಾದದ್ದರಿಂದ ನನ್ನ ಲೇಖನದ ಎರಡನೆಯ ಭಾಗ ಈ ಪ್ರಶ್ನೆಯ ಮೇಲೆಯೇ ನಿಂತಿದೆ.